ಚಿಪ್‌ನ ಫ್ಲೋರ್‌ಪ್ಲಾನ್‌ಗೆ ಜೆನೆಟಿಕ್ ಅಲ್ಗಾರಿದಮ್: ಮೊದಲ ಸಾಲಿನಿಂದ ಕೊನೆಯ ಪರೀಕ್ಷೆಯವರೆಗೆ

ಎಲೆಕ್ಟ್ರಾನಿಕ್ಸ್ ಓದುತ್ತಿರುವವರಿಂದಲೂ ಚಿಪ್ ವಿನ್ಯಾಸದ ಕೆಲಸಕ್ಕೆ ಹೊಸದಾಗಿ ಸೇರಿದವರಿಂದಲೂ ನನಗೆ ಪದೇ ಪದೇ ಬರುವ ಪ್ರಶ್ನೆ ಒಂದೇ: ಐಸಿ ಲೇಔಟ್‌ಗೆ, ಅಂದರೆ ಚಿಪ್‌ನ ಮೇಲೆ ಸರ್ಕ್ಯೂಟಿನ ಭಾಗಗಳನ್ನು ಜೋಡಿಸುವುದಕ್ಕೆ, ಜೀವಜಗತ್ತಿನಿಂದ ಪ್ರೇರಣೆ ಪಡೆದ ವಿಧಾನವೊಂದನ್ನು ಬಳಸಬೇಕೆಂದಿದ್ದೇನೆ, ಇರುವೆಗಳ ಮಾದರಿಯನ್ನು ಹಿಡಿಯಲೇ, ಹಕ್ಕಿ ಹಿಂಡಿನ ಮಾದರಿಯನ್ನು ಹಿಡಿಯಲೇ, ವಂಶವಾಹಿಗಳದ್ದನ್ನು ಹಿಡಿಯಲೇ? ಪ್ರಶ್ನೆ ಸಹಜವಾದದ್ದು. ಆದರೆ ಅದಕ್ಕೂ ಮೊದಲು ಉತ್ತರಿಸಬೇಕಾದ ಇನ್ನೊಂದು ಪ್ರಶ್ನೆಯಿದೆ, ಅದನ್ನು ಕೇಳುವವರು ಕಡಿಮೆ: ನಿಮ್ಮ ಲೇಔಟ್ ಅನ್ನು ಅಕ್ಷರಗಳ ಅಥವಾ ಅಂಕಿಗಳ ಒಂದು ಸಾಲಾಗಿ ಹೇಗೆ ಬರೆಯುತ್ತೀರಿ? ಆ ಬರವಣಿಗೆ ಸರಿಯಾಗಿದ್ದರೆ ಸಾಧಾರಣ ಅಲ್ಗಾರಿದಮ್ ಕೂಡ ಒಳ್ಳೆಯ ಫಲ ಕೊಡುತ್ತದೆ. ಅದು ಕೆಟ್ಟದ್ದಾಗಿದ್ದರೆ ಯಾವ ಪ್ರಾಣಿಯ ಹೆಸರೂ ನಿಮ್ಮನ್ನು ಕಾಪಾಡುವುದಿಲ್ಲ. ಈ ಲೇಖನದಲ್ಲಿ ಒಂದೇ ಸಮಸ್ಯೆಯನ್ನು, ಅಂದರೆ ಫ್ಲೋರ್‌ಪ್ಲಾನ್ ಅನ್ನು, ಒಂದೇ ವಿಧಾನದಿಂದ, ಅಂದರೆ ಜೆನೆಟಿಕ್ ಅಲ್ಗಾರಿದಮ್‌ನಿಂದ, ಬಿಡಿಸುವ ಕ್ರಮವನ್ನು ವಿವರಿಸಿದ್ದೇನೆ.

ಫ್ಲೋರ್‌ಪ್ಲಾನ್ ಎಂದರೆ ಚಿಪ್‌ನ ನಿವೇಶನ ನಕ್ಷೆ. ಮೆಮೊರಿ, ಪ್ರೊಸೆಸರ್, ಅನಲಾಗ್ ಭಾಗ ಮುಂತಾದ ಆಯತಾಕಾರದ ಬ್ಲಾಕ್‌ಗಳು ನಿಮ್ಮ ಕೈಯಲ್ಲಿರುತ್ತವೆ, ಅವುಗಳ ನಡುವಿನ ತಂತಿ ಸಂಪರ್ಕಗಳ ಪಟ್ಟಿಯೂ ಇರುತ್ತದೆ. ಬ್ಲಾಕ್‌ಗಳು ಒಂದರ ಮೇಲೊಂದು ಬೀಳದಂತೆ, ಒಟ್ಟು ಜಾಗ ಚಿಕ್ಕದಾಗುವಂತೆ ಮತ್ತು ತಂತಿಗಳು ಗಿಡ್ಡವಾಗಿರುವಂತೆ ಅವನ್ನು ಜೋಡಿಸಬೇಕು. ಕೇಳಲು ಸುಲಭವೆನಿಸಿದರೂ, 90 ಡಿಗ್ರಿ ತಿರುಗಿಸಬಹುದಾದ ಹತ್ತೇ ಬ್ಲಾಕ್‌ಗಳಿಗೆ ನಾವು ಮುಂದೆ ಬಳಸಲಿರುವ ಬರವಣಿಗೆಯಲ್ಲಿ ಸುಮಾರು 1.35 × 10¹⁶ ಸಾಧ್ಯತೆಗಳಿವೆ. ಸೆಕೆಂಡಿಗೆ ಹತ್ತು ಲಕ್ಷದಂತೆ ಪರಿಶೀಲಿಸುತ್ತಾ ಹೋದರೂ ಎಲ್ಲವನ್ನೂ ನೋಡಿ ಮುಗಿಸಲು ನಾನೂರು ವರ್ಷಕ್ಕಿಂತ ಹೆಚ್ಚು ಬೇಕು. ಆದ್ದರಿಂದಲೇ ಎಲ್ಲವನ್ನೂ ನೋಡದೆ ಒಳ್ಳೆಯದನ್ನು ಹುಡುಕುವ ವಿಧಾನಗಳತ್ತ ಈ ಕ್ಷೇತ್ರ ಹೊರಳಿತು.

ಅಮೆರಿಕದ ವಿಜ್ಞಾನಿ ಜಾನ್ ಹಾಲೆಂಡ್ ಅವರು 1975ರ ತಮ್ಮ ಪುಸ್ತಕದಲ್ಲಿ ರೂಪುಕೊಟ್ಟ ಜೆನೆಟಿಕ್ ಅಲ್ಗಾರಿದಮ್ ಅಂಥದ್ದೊಂದು ವಿಧಾನ. ಒಂದು ಪರಿಹಾರದ ಬದಲು ಪರಿಹಾರಗಳ ಒಂದು ಸಮೂಹವನ್ನೇ ಇಟ್ಟುಕೊಂಡು, ಒಳ್ಳೆಯವನ್ನು ಪೋಷಕರನ್ನಾಗಿ ಆರಿಸಿ, ಎರಡರ ಗುಣಗಳನ್ನು ಬೆರೆಸಿ ಮಗುವನ್ನು ಪಡೆದು, ಆಗಾಗ ಅದರಲ್ಲಿ ಸಣ್ಣ ಬದಲಾವಣೆ ಮಾಡಿ, ತಲೆಮಾರಿನಿಂದ ತಲೆಮಾರಿಗೆ ಸುಧಾರಿಸುತ್ತಾ ಹೋಗುವುದು ಅದರ ತಿರುಳು. ಬೆರೆಸುವಿಕೆಗೆ ಕ್ರಾಸ್‌ಓವರ್ ಎಂದೂ, ಸಣ್ಣ ಬದಲಾವಣೆಗೆ ಮ್ಯುಟೇಶನ್ ಎಂದೂ ಹೆಸರು.

ನಿಮಗೆ ಬೇಕಾದದ್ದು ಹೆಚ್ಚೇನಿಲ್ಲ. ಪೈಥಾನ್ ಅಥವಾ ಸಿ++ ತಕ್ಕಮಟ್ಟಿಗೆ ಬರಬೇಕು, ಒಂದು ಸಾಮಾನ್ಯ ಲ್ಯಾಪ್‌ಟಾಪ್ ಇರಬೇಕು, ಜೊತೆಗೆ ಎಲ್ಲರೂ ಬಳಸುವ ಪರೀಕ್ಷಾ ದತ್ತಾಂಶ ಬೇಕು. ಹಣ ಕೊಟ್ಟು ಕೊಳ್ಳಬೇಕಾದ ಸಾಫ್ಟ್‌ವೇರ್ ಯಾವುದೂ ಬೇಕಿಲ್ಲ.

1. ಸಮಸ್ಯೆಯ ಅಳತೆಯನ್ನು ಮೊದಲು ನಿರ್ಧರಿಸಿ

ಜೆನೆಟಿಕ್ ಅಲ್ಗಾರಿದಮ್ ಹತ್ತಾರು ಬ್ಲಾಕ್‌ಗಳಿಂದ ಕೆಲವು ನೂರು ಬ್ಲಾಕ್‌ಗಳವರೆಗಿನ ಸಮಸ್ಯೆಗೆ ತಕ್ಕ ಸಾಧನ. ಲಕ್ಷಾಂತರ ಸ್ಟ್ಯಾಂಡರ್ಡ್ ಸೆಲ್‌ಗಳನ್ನು, ಅಂದರೆ ಒಂದೇ ಎತ್ತರದ ಪುಟ್ಟ ಲಾಜಿಕ್ ಗೇಟ್‌ಗಳನ್ನು, ಸಾಲುಗಳಲ್ಲಿ ಕೂರಿಸುವ ಕೆಲಸಕ್ಕೆ ಅದು ಸಲ್ಲದು. ಅಲ್ಲಿ ತಂತಿಯ ಉದ್ದವನ್ನು ನಯವಾದ ಗಣಿತ ಸೂತ್ರವಾಗಿ ಬರೆದು, ಅದರ ಇಳಿಜಾರನ್ನು ಅನುಸರಿಸಿ ಕನಿಷ್ಠ ಬಿಂದುವನ್ನು ಹುಡುಕುವ ವಿಧಾನಗಳು ಬಹಳ ಮುಂದಿವೆ. ಅಂತಿಮ ವರ್ಷದ ಪ್ರಾಜೆಕ್ಟ್‌ಗೆಂದು ಇಡೀ ಪ್ರೊಸೆಸರಿನ ಸೆಲ್ ಪ್ಲೇಸ್‌ಮೆಂಟ್ ಅನ್ನು ಜೆನೆಟಿಕ್ ಅಲ್ಗಾರಿದಮ್‌ನಿಂದ ಮಾಡಲು ಹೊರಟವರನ್ನು ಕಂಡಿದ್ದೇನೆ. ಅವರ ಶ್ರಮವೆಲ್ಲ ತಪ್ಪು ಜಾಗದಲ್ಲಿ ವ್ಯಯವಾಯಿತೆಂಬ ಬೇಸರ ನನಗಿದೆ.

2. ದತ್ತಾಂಶವನ್ನು ಓದಿಕೊಳ್ಳಿ

ಅಮೆರಿಕದ ನಾರ್ತ್ ಕೆರೊಲಿನಾದ ಮೈಕ್ರೋಎಲೆಕ್ಟ್ರಾನಿಕ್ಸ್ ಕೇಂದ್ರದ ಹೆಸರಿನಿಂದ ಎಂಸಿಎನ್‌ಸಿ ಎಂದು ಕರೆಯಲಾಗುವ ಐದು ಸಮಸ್ಯೆಗಳು ಈ ಕ್ಷೇತ್ರದ ಅಳತೆಗೋಲುಗಳು, ಅಂದರೆ ಬೆಂಚ್‌ಮಾರ್ಕ್‌ಗಳು: ಆಪ್ಟೆಯಲ್ಲಿ 9 ಬ್ಲಾಕ್‌ಗಳು, ಜೆರಾಕ್ಸ್‌ನಲ್ಲಿ 10, ಎಚ್‌ಪಿಯಲ್ಲಿ 11, ಎಎಂಐ33ರಲ್ಲಿ 33, ಎಎಂಐ49ರಲ್ಲಿ 49. ಇವು ಹಳೆಯವು, ಇಂದಿನ ಚಿಪ್‌ಗಳ ಮುಂದೆ ಚಿಕ್ಕವು. ಆದರೂ ನಿಮ್ಮ ಫಲಿತಾಂಶವನ್ನು ಬೇರೆಯವರ ಫಲಿತಾಂಶದ ಪಕ್ಕದಲ್ಲಿಟ್ಟು ನೋಡಲು ಇವುಗಳಷ್ಟು ಅನುಕೂಲವಾದದ್ದು ಬೇರೆಯಿಲ್ಲ. ಆಪ್ಟೆಯಿಂದ ಆರಂಭಿಸಿ, ಅದು ಸರಿಯಾದ ಮೇಲೆ ಎಎಂಐ33ಕ್ಕೆ ಹೋಗಿ.

ಪ್ರತಿ ಬ್ಲಾಕ್‌ಗೆ ಅಗಲ, ಎತ್ತರ ಮತ್ತು ಪಿನ್‌ಗಳ, ಅಂದರೆ ತಂತಿ ಬಂದು ಸೇರುವ ಬಿಂದುಗಳ, ಸ್ಥಾನವನ್ನು ಓದಿಟ್ಟುಕೊಳ್ಳಬೇಕು. ಒಂದೇ ವಿದ್ಯುತ್ ಸಂಕೇತಕ್ಕೆ ಸೇರಿದ ಪಿನ್‌ಗಳ ಗುಂಪಿಗೆ ನೆಟ್ ಎನ್ನುತ್ತಾರೆ. ಪ್ರತಿ ನೆಟ್‌ನಲ್ಲಿ ಯಾವ ಯಾವ ಬ್ಲಾಕ್‌ನ ಯಾವ ಪಿನ್ ಇದೆ ಎಂಬ ಪಟ್ಟಿಯನ್ನೂ ಓದಬೇಕು. ಓದಿದ ಕೂಡಲೇ ಎಲ್ಲ ಬ್ಲಾಕ್‌ಗಳ ಕ್ಷೇತ್ರಫಲವನ್ನು ಕೂಡಿಸಿ ನೋಡಿ. ಎಎಂಐ49ಕ್ಕೆ ಅದು ಸುಮಾರು 35.45 ಚದರ ಮಿಲಿಮೀಟರ್, ಎಎಂಐ33ಕ್ಕೆ ಸುಮಾರು 1.16 ಚದರ ಮಿಲಿಮೀಟರ್ ಬರಬೇಕು. ಈ ಮೊತ್ತ ಮುಂದೆಯೂ ನಿಮ್ಮ ಕಾವಲುಗಾರನಾಗಿರುತ್ತದೆ: ಯಾವುದೇ ಫ್ಲೋರ್‌ಪ್ಲಾನ್‌ನ ಹೊರ ಆಯತ ಇದಕ್ಕಿಂತ ಚಿಕ್ಕದಾಗಿರಲು ಸಾಧ್ಯವಿಲ್ಲ. ನಿಮ್ಮ ಪ್ರೋಗ್ರಾಂ ಹಾಗೆ ತೋರಿಸಿದರೆ ಸಂಭ್ರಮಿಸಬೇಡಿ, ಬ್ಲಾಕ್‌ಗಳು ಎಲ್ಲೋ ಒಂದರ ಮೇಲೊಂದು ಬಿದ್ದಿವೆ.

3. ಲೇಔಟ್ ಅನ್ನು ಸಾಲಾಗಿ ಬರೆಯಿರಿ

ಇದೇ ಇಡೀ ಕೆಲಸದ ಜೀವಾಳ. ಹೊಸಬರು ಸಾಮಾನ್ಯವಾಗಿ ಪ್ರತಿ ಬ್ಲಾಕ್‌ನ ಎಡ-ಕೆಳ ಮೂಲೆಯ ಎಕ್ಸ್ ಮತ್ತು ವೈ ಬೆಲೆಗಳನ್ನೇ ವಂಶವಾಹಿಗಳೆಂದು ಹಿಡಿಯುತ್ತಾರೆ. ಹಾಗೆ ಮಾಡಿದಾಗ ಹುಟ್ಟುವ ಮಕ್ಕಳಲ್ಲಿ ಬಹುಪಾಲು ಅಸಿಂಧುವಾಗಿರುತ್ತವೆ, ಏಕೆಂದರೆ ಎರಡು ಒಳ್ಳೆಯ ಜೋಡಣೆಗಳ ಅರ್ಧರ್ಧ ಸ್ಥಾನಗಳನ್ನು ಬೆರೆಸಿದರೆ ಬ್ಲಾಕ್‌ಗಳು ಒಂದರ ಮೇಲೊಂದು ಬೀಳುವುದು ಬಹುತೇಕ ಖಚಿತ. ಆಮೇಲೆ ದಂಡ ವಿಧಿಸುವುದು, ಪಕ್ಕಕ್ಕೆ ತಳ್ಳಿ ಸರಿಪಡಿಸುವುದು ಎಂದೆಲ್ಲ ತೇಪೆ ಹಚ್ಚುತ್ತಾ ಹೋಗಬೇಕಾಗುತ್ತದೆ, ಮತ್ತು ಆ ತೇಪೆಗಳ ನಡುವೆ ಪೋಷಕರಿಂದ ಬಂದ ಗುಣ ಕಳೆದುಹೋಗುತ್ತದೆ.

ಬದಲಿಗೆ ಸೀಕ್ವೆನ್ಸ್ ಪೇರ್ ಎಂಬ ಬರವಣಿಗೆಯನ್ನು ಬಳಸಿ. ಇಲ್ಲಿ ಅದನ್ನು ಸರಣಿ ಜೋಡಿ ಎಂದು ಕರೆಯುತ್ತೇನೆ. ಜಪಾನಿನ ಮುರಾಟ, ಫುಜಿಯೋಶಿ, ನಕಾಟಾಕೆ ಮತ್ತು ಕಜಿತಾನಿ ಎಂಬ ನಾಲ್ವರು 1990ರ ದಶಕದ ಮಧ್ಯದಲ್ಲಿ ಇದನ್ನು ಮುಂದಿಟ್ಟರು. ಬ್ಲಾಕ್‌ಗಳ ಹೆಸರುಗಳನ್ನು ಎರಡು ಬೇರೆ ಬೇರೆ ಕ್ರಮಗಳಲ್ಲಿ ಬರೆಯುವುದಷ್ಟೇ ಇದರಲ್ಲಿರುವುದು. ಯಾವುದೇ ಎರಡು ಬ್ಲಾಕ್‌ಗಳನ್ನು ತೆಗೆದುಕೊಳ್ಳಿ. ಎರಡೂ ಸರಣಿಗಳಲ್ಲಿ ಮೊದಲನೆಯದು ಎರಡನೆಯದಕ್ಕಿಂತ ಮುಂಚೆ ಬಂದಿದ್ದರೆ, ಅದು ಎಡಕ್ಕಿದೆ ಎಂದರ್ಥ. ಮೊದಲ ಸರಣಿಯಲ್ಲಿ ಮುಂಚೆ ಬಂದು ಎರಡನೆಯ ಸರಣಿಯಲ್ಲಿ ತಡವಾಗಿ ಬಂದಿದ್ದರೆ, ಅದು ಮೇಲಿದೆ ಎಂದರ್ಥ. ಪ್ರತಿಯೊಂದು ಜೋಡಿಗೂ ಎಡ-ಬಲ ಅಥವಾ ಮೇಲೆ-ಕೆಳಗೆ ಎಂಬ ಸಂಬಂಧಗಳಲ್ಲಿ ಒಂದು ಖಚಿತವಾಗಿ ಸಿಗುವುದರಿಂದ ಯಾವ ಎರಡು ಬ್ಲಾಕ್‌ಗಳೂ ಒಂದರ ಮೇಲೊಂದು ಬೀಳುವಂತಿಲ್ಲ. ಸರಣಿಗಳನ್ನು ಹೇಗೆ ಕಲಸಿದರೂ ಸಿಗುವುದು ಸಿಂಧುವಾದ ಲೇಔಟ್ ಮಾತ್ರ, ಮತ್ತು ಅತ್ಯಂತ ಕಡಿಮೆ ಜಾಗದ ಜೋಡಣೆಯನ್ನು ಕೊಡುವ ಸರಣಿ ಜೋಡಿಯೊಂದು ಇದ್ದೇ ಇರುತ್ತದೆ.

ತಿರುಗಿಸುವಿಕೆಗೆ ಪ್ರತಿ ಬ್ಲಾಕ್‌ಗೆ ಒಂದು ಬಿಟ್ ಸೇರಿಸಿ: ಸೊನ್ನೆಯಾದರೆ ಇದ್ದ ಹಾಗೆ, ಒಂದಾದರೆ 90 ಡಿಗ್ರಿ ತಿರುವು. ಬೆಂಚ್‌ಮಾರ್ಕ್‌ಗಳಲ್ಲಿ ಈ ತಿರುವಿಗೆ ಅಡ್ಡಿಯಿಲ್ಲ. ಆದರೆ ಇಂದಿನ ಸೂಕ್ಷ್ಮ ತಂತ್ರಜ್ಞಾನಗಳಲ್ಲಿ ಟ್ರಾನ್ಸಿಸ್ಟರ್ ಗೇಟ್‌ಗಳೆಲ್ಲ ಒಂದೇ ದಿಕ್ಕಿಗಿರಬೇಕೆಂಬ ನಿಯಮವಿರುವುದರಿಂದ ಮೆಮೊರಿ ಮ್ಯಾಕ್ರೊಗಳನ್ನು, ಅಂದರೆ ಸಿದ್ಧ ಮೆಮೊರಿ ಬ್ಲಾಕ್‌ಗಳನ್ನು, 90 ಡಿಗ್ರಿ ತಿರುಗಿಸಲು ಸಾಮಾನ್ಯವಾಗಿ ಬಿಡುವುದಿಲ್ಲ. ಕನ್ನಡಿ ಬಿಂಬದಂತೆ ಮಗುಚಬಹುದು, ಅಷ್ಟೆ. ನಿಜವಾದ ಚಿಪ್‌ಗೆ ಕೆಲಸ ಮಾಡುತ್ತಿದ್ದರೆ ಈ ಬಿಟ್‌ನ ಅರ್ಥವನ್ನು ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳಿ.

4. ಸರಣಿಯಿಂದ ಸ್ಥಾನಗಳನ್ನು ಲೆಕ್ಕ ಹಾಕಿ

ಎರಡನೆಯ ಸರಣಿಯ ಕ್ರಮದಲ್ಲಿ ಬ್ಲಾಕ್‌ಗಳನ್ನು ಒಂದೊಂದಾಗಿ ತೆಗೆದುಕೊಳ್ಳಿ. ಪ್ರತಿ ಬ್ಲಾಕ್‌ಗೂ, ಆ ಸರಣಿಯಲ್ಲಿ ಅದಕ್ಕಿಂತ ಹಿಂದೆ ಬಂದಿರುವ ಪ್ರತಿಯೊಂದನ್ನೂ ಪರಿಶೀಲಿಸಿ. ಹಿಂದಿನ ಬ್ಲಾಕ್ ಮೊದಲ ಸರಣಿಯಲ್ಲಿಯೂ ಮುಂಚೆಯೇ ಇದ್ದರೆ ಅದು ಎಡಕ್ಕಿದೆ. ನಿಮ್ಮ ಬ್ಲಾಕ್‌ನ ಎಕ್ಸ್ ಬೆಲೆ ಆ ಎಡ ಬ್ಲಾಕ್‌ನ ಬಲ ಅಂಚಿಗಿಂತ ಕಡಿಮೆಯಿರಬಾರದು. ಇಲ್ಲವಾದರೆ ಅದು ಕೆಳಗಿದೆ. ನಿಮ್ಮ ಬ್ಲಾಕ್‌ನ ವೈ ಬೆಲೆ ಅದರ ಮೇಲಂಚಿಗಿಂತ ಕಡಿಮೆಯಿರಬಾರದು. ಹೀಗೆ ಒಂದೇ ಸುತ್ತಿನಲ್ಲಿ ಎರಡೂ ಬೆಲೆಗಳು ಸಿಗುತ್ತವೆ.

ಕೈಯಲ್ಲೇ ಒಂದು ಲೆಕ್ಕ ಮಾಡಿ ನೋಡೋಣ. ಕ ಬ್ಲಾಕ್‌ನ ಅಗಲ 4, ಎತ್ತರ 3. ಖ ಬ್ಲಾಕ್‌ನ ಅಗಲ 3, ಎತ್ತರ 2. ಗ ಬ್ಲಾಕ್‌ನ ಅಗಲ 2, ಎತ್ತರ 5 ಎಂದಿರಲಿ. ಮೊದಲ ಸರಣಿ ಕ ಖ ಗ, ಎರಡನೆಯದು ಖ ಕ ಗ. ಖ ಬ್ಲಾಕ್ ಮೂಲೆಯಲ್ಲಿ, ಅಂದರೆ (0, 0) ಯಲ್ಲಿ ಕೂರುತ್ತದೆ. ಕ ಬ್ಲಾಕ್ ಅದರ ಮೇಲೆ (0, 2) ರಲ್ಲಿ. ಗ ಬ್ಲಾಕ್ ಇವೆರಡರ ಬಲಕ್ಕೆ (4, 0) ಯಲ್ಲಿ. ಹೊರ ಆಯತ 6 × 5, ಅಂದರೆ 30. ಬ್ಲಾಕ್‌ಗಳ ಮೊತ್ತ 28. ಉಳಿದ 2 ಘಟಕ ವ್ಯರ್ಥ ಜಾಗ. ಇಂಥ ಜಾಗಕ್ಕೆ ಡೆಡ್ ಸ್ಪೇಸ್ ಎನ್ನುತ್ತಾರೆ. ಈಗ ಎರಡನೆಯ ಸರಣಿಯಲ್ಲಿ ಕ ಮತ್ತು ಗ ಗಳನ್ನು ಮಾತ್ರ ಅದಲು ಬದಲು ಮಾಡಿ ಖ ಗ ಕ ಎಂದು ಬರೆಯಿರಿ. ಖ ಮತ್ತು ಗ ಅಕ್ಕಪಕ್ಕ ನಿಲ್ಲುತ್ತವೆ, ಕ ಅವೆರಡರ ಮೇಲೇರುತ್ತದೆ, ಹೊರ ಆಯತ 5 × 8, ಅಂದರೆ 40 ಆಗುತ್ತದೆ, ವ್ಯರ್ಥ ಜಾಗ 12ಕ್ಕೆ ಜಿಗಿಯುತ್ತದೆ. ಒಂದು ಅದಲು ಬದಲಿನಿಂದ ಎಷ್ಟು ದೊಡ್ಡ ವ್ಯತ್ಯಾಸವಾಗಬಹುದು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮ್ಯುಟೇಶನ್‌ನ ಹಂತದಲ್ಲಿ ಇದು ಬೇಕಾಗುತ್ತದೆ. ನಿಮ್ಮ ಪ್ರೋಗ್ರಾಂ ಈ ಎರಡು ಉತ್ತರಗಳನ್ನೂ ಕೊಡುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ.

ಈ ಲೆಕ್ಕಕ್ಕೆ ಇನ್ನೂ ವೇಗದ ವಿಧಾನಗಳಿವೆ. 49 ಬ್ಲಾಕ್‌ಗಳಿಗೆ ನೋಡಬೇಕಾದದ್ದು 1,176 ಜೋಡಿಗಳನ್ನು ಮಾತ್ರವಾದ್ದರಿಂದ ಸದ್ಯಕ್ಕೆ ಅವುಗಳ ಅಗತ್ಯವಿಲ್ಲ.

5. ವೆಚ್ಚವನ್ನು ಅಳೆಯುವ ಸೂತ್ರವನ್ನು ಬರೆಯಿರಿ

ಒಂದು ಲೇಔಟ್ ಎಷ್ಟು ಒಳ್ಳೆಯದು ಎಂಬುದನ್ನು ಒಂದು ಸಂಖ್ಯೆಯಲ್ಲಿ ಹೇಳಬೇಕು. ಅದರಲ್ಲಿ ಎರಡು ಭಾಗಗಳಿರುತ್ತವೆ: ಹೊರ ಆಯತದ ಕ್ಷೇತ್ರಫಲ ಮತ್ತು ತಂತಿಗಳ ಅಂದಾಜು ಉದ್ದ. ತಂತಿಯ ಉದ್ದಕ್ಕೆ ಅರ್ಧ ಸುತ್ತಳತೆಯ ಅಳತೆಯನ್ನು ಬಳಸುವುದು ರೂಢಿ. ಒಂದು ನೆಟ್‌ನ ಎಲ್ಲ ಪಿನ್‌ಗಳನ್ನೂ ಒಳಗೊಳ್ಳುವ ಅತಿ ಚಿಕ್ಕ ಆಯತದ ಅಗಲವನ್ನೂ ಎತ್ತರವನ್ನೂ ಕೂಡಿಸಿದರೆ ಅದು ಸಿಗುತ್ತದೆ. ಪಿನ್‌ಗಳು (1, 2), (5, 3) ಮತ್ತು (3, 7) ರಲ್ಲಿದ್ದರೆ ಅಗಲ 4, ಎತ್ತರ 5, ಉದ್ದ 9. ಬ್ಲಾಕ್ ತಿರುಗಿದಾಗ ಅದರ ಪಿನ್‌ಗಳೂ ತಿರುಗಬೇಕು. ಇದನ್ನು ಮರೆತು ಸುಳ್ಳು ಉದ್ದವನ್ನು ಕಡಿಮೆ ಮಾಡುತ್ತಾ ಕೂರುವುದು ನಾನು ಕಂಡ ತಪ್ಪುಗಳಲ್ಲಿ ಅತ್ಯಂತ ಸಾಮಾನ್ಯವಾದದ್ದು.

ಕ್ಷೇತ್ರಫಲದ ಮಾನ ಬೇರೆ, ಉದ್ದದ ಮಾನ ಬೇರೆ. ಹಾಗೆಯೇ ಕೂಡಿಸಿದರೆ ದೊಡ್ಡ ಸಂಖ್ಯೆಯದ್ದು ಚಿಕ್ಕದನ್ನು ನುಂಗಿಬಿಡುತ್ತದೆ. ಆದ್ದರಿಂದ ಮೊದಲು ನೂರಾರು ಯಾದೃಚ್ಛಿಕ ಲೇಔಟ್‌ಗಳನ್ನು ತಯಾರಿಸಿ, ಎರಡರ ಸರಾಸರಿಯನ್ನೂ ಕಂಡುಹಿಡಿದು, ಪ್ರತಿ ಬೆಲೆಯನ್ನು ಅದರ ಸರಾಸರಿಯಿಂದ ಭಾಗಿಸಿದ ಮೇಲೆ ತೂಕ ಕೊಟ್ಟು ಕೂಡಿಸಿ. ಅರ್ಧರ್ಧ ತೂಕದಿಂದ ಆರಂಭಿಸಬಹುದು.

ಚಿಪ್‌ನ ಹೊರಗಿನ ಚೌಕಟ್ಟು ಮೊದಲೇ ನಿಗದಿಯಾಗಿದ್ದರೆ, ಅದರಿಂದ ಅಗಲದಲ್ಲೂ ಎತ್ತರದಲ್ಲೂ ಎಷ್ಟು ಹೊರಚಾಚಿದೆಯೋ ಅಷ್ಟಕ್ಕೆ ದಂಡ ಸೇರಿಸಿ. ಹೊರಚಾಚಿದ್ದನ್ನು ಪೂರ್ತಿಯಾಗಿ ತಿರಸ್ಕರಿಸಬೇಡಿ, ಏಕೆಂದರೆ ಆರಂಭದ ತಲೆಮಾರುಗಳಲ್ಲಿ ಬಹುತೇಕ ಎಲ್ಲವೂ ಹೊರಚಾಚಿರುತ್ತವೆ, ಅವುಗಳಲ್ಲಿ ಯಾವುದು ಕಡಿಮೆ ಕೆಟ್ಟದ್ದು ಎಂಬುದು ಅಲ್ಗಾರಿದಮ್‌ಗೆ ತಿಳಿಯಲೇಬೇಕು. ಚೌಕಟ್ಟು ನಿಗದಿಯಾಗಿಲ್ಲದಿದ್ದರೆ ಉದ್ದಗಲಗಳ ಅನುಪಾತಕ್ಕೆ ಒಂದು ಮಿತಿಯನ್ನಾದರೂ ಇಡಿ.

ಇಲ್ಲೊಂದು ಎಚ್ಚರಿಕೆಯ ಮಾತು. ವಿಕಾಸವು ನೀವು ಮನಸ್ಸಿನಲ್ಲಿಟ್ಟುಕೊಂಡದ್ದನ್ನು ಕೊಡುವುದಿಲ್ಲ, ನೀವು ಅಳೆದದ್ದನ್ನು ಮಾತ್ರ ಕೊಡುತ್ತದೆ. ಸಸೆಕ್ಸ್ ವಿಶ್ವವಿದ್ಯಾಲಯದ ಆಡ್ರಿಯನ್ ಥಾಂಪ್ಸನ್ ಅವರು 1996ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಸ್ಪಷ್ಟ ಉದಾಹರಣೆ. ಮರಳಿ ಮರಳಿ ಸಂರಚಿಸಬಹುದಾದ ಎಫ್‌ಪಿಜಿಎ ಚಿಪ್ ಒಂದರ 10 × 10 ಕೋಶಗಳ ಮೂಲೆಯಲ್ಲಿ, 1 ಕಿಲೋಹರ್ಟ್ಸ್ ಮತ್ತು 10 ಕಿಲೋಹರ್ಟ್ಸ್ ಸ್ವರಗಳನ್ನು ಬೇರ್ಪಡಿಸುವ ಸರ್ಕ್ಯೂಟ್ ಅನ್ನು ಅವರು ಜೆನೆಟಿಕ್ ಅಲ್ಗಾರಿದಮ್‌ನಿಂದ ಬೆಳೆಸಿದರು. ಅದು ಕೆಲಸ ಮಾಡಿತು. ಆದರೆ ಔಟ್‌ಪುಟ್‌ಗೆ ಯಾವ ದಾರಿಯಲ್ಲೂ ಸಂಪರ್ಕವಿಲ್ಲದ ಕೆಲವು ಕೋಶಗಳನ್ನು ಸ್ತಬ್ಧಗೊಳಿಸಿದರೂ ಅದರ ನಡವಳಿಕೆ ಕೆಡುತ್ತಿತ್ತು. ತಾಪಮಾನ ಬದಲಾದಾಗಲೂ, ಅದೇ ಚಿಪ್‌ನ ಬೇರೆ ಜಾಗಕ್ಕೆ ಸರಿಸಿದಾಗಲೂ ಅದು ಮೊದಲಿನಂತೆ ನಡೆಯಲಿಲ್ಲ. ಒಂದೇ ಚಿಪ್‌ನ ಒಂದೇ ಜಾಗದಲ್ಲಿ ಅಳೆದದ್ದರಿಂದ, ಆ ತುಂಡು ಸಿಲಿಕಾನ್‌ನ ವೈಯಕ್ತಿಕ ಭೌತಿಕ ಗುಣಗಳನ್ನೇ ಅದು ಆಶ್ರಯಿಸಿಕೊಂಡಿತ್ತು. ನಿಮ್ಮ ವೆಚ್ಚದ ಸೂತ್ರದಲ್ಲಿ ಇಲ್ಲದ ಯಾವ ಗುಣವನ್ನೂ ನಿಮ್ಮ ಫ್ಲೋರ್‌ಪ್ಲಾನ್‌ನಿಂದ ನಿರೀಕ್ಷಿಸುವಂತಿಲ್ಲ.

6. ಸಮೂಹವನ್ನು ಹುಟ್ಟಿಸಿ, ಪೋಷಕರನ್ನು ಆರಿಸಿ

100 ಯಾದೃಚ್ಛಿಕ ಸರಣಿ ಜೋಡಿಗಳು ಆರಂಭಕ್ಕೆ ಸಾಕು. ಪೋಷಕರ ಆಯ್ಕೆಗೆ ಟೂರ್ನಮೆಂಟ್ ವಿಧಾನವನ್ನು ಬಳಸಿ: ಸಮೂಹದಿಂದ ಎರಡೋ ಮೂರೋ ಸದಸ್ಯರನ್ನು ಚೀಟಿ ಎತ್ತಿದಂತೆ ತೆಗೆದು, ಅವರಲ್ಲಿ ಕಡಿಮೆ ವೆಚ್ಚದವರನ್ನು ಪೋಷಕರನ್ನಾಗಿ ಮಾಡಿ. ಪಠ್ಯಪುಸ್ತಕಗಳಲ್ಲಿ ಮೊದಲು ಕಾಣಿಸುವ ರೂಲೆಟ್ ಚಕ್ರದ ವಿಧಾನವನ್ನು, ಅಂದರೆ ಸದಸ್ಯ ಎಷ್ಟು ಒಳ್ಳೆಯದೋ ಆಯ್ಕೆಯ ಅವಕಾಶವನ್ನೂ ಅದೇ ಪ್ರಮಾಣದಲ್ಲಿ ಕೊಡುವುದನ್ನು, ನಾನು ಸೂಚಿಸುವುದಿಲ್ಲ. ಕೊನೆಯ ತಲೆಮಾರುಗಳಲ್ಲಿ ಎಲ್ಲರ ವೆಚ್ಚವೂ ಹತ್ತಿರ ಹತ್ತಿರ ಬಂದಾಗ ಅದು ಒಳ್ಳೆಯದಕ್ಕೂ ಸಾಧಾರಣವಾದದ್ದಕ್ಕೂ ಭೇದವನ್ನೇ ಮಾಡುವುದಿಲ್ಲ. ಪ್ರತಿ ತಲೆಮಾರಿನ ಅತ್ಯುತ್ತಮ ಒಂದೆರಡು ಸದಸ್ಯರನ್ನು ಬದಲಾವಣೆಯಿಲ್ಲದೆ ಮುಂದಿನ ತಲೆಮಾರಿಗೆ ದಾಟಿಸಿ. ಹಾಗೆ ಮಾಡದಿದ್ದರೆ ಕಂಡ ಒಳ್ಳೆಯ ಉತ್ತರ ಕೈತಪ್ಪಿ ಹೋಗುವುದುಂಟು.

7. ಕ್ರಾಸ್‌ಓವರ್: ಇಲ್ಲಿ ನಿಧಾನಿಸಿ

ಸರಣಿಗಳನ್ನು ಮಧ್ಯದಲ್ಲಿ ಕತ್ತರಿಸಿ ಅಂಟಿಸುವಂತಿಲ್ಲ. ಒಬ್ಬ ಪೋಷಕರ ಸರಣಿ 1 2 3 4 5 6, ಇನ್ನೊಬ್ಬರದು 4 6 2 1 5 3 ಎಂದಿರಲಿ. ಅರ್ಧದಲ್ಲಿ ಕತ್ತರಿಸಿ ಜೋಡಿಸಿದರೆ 1 2 3 1 5 3 ಎಂದಾಗುತ್ತದೆ. 1 ಮತ್ತು 3 ಎರಡೆರಡು ಬಾರಿ ಬಂದಿವೆ, 4 ಮತ್ತು 6 ಕಾಣೆಯಾಗಿವೆ. ಇದಕ್ಕೆ ಪರಿಹಾರವಾಗಿ ಆರ್ಡರ್ ಕ್ರಾಸ್‌ಓವರ್ ಎಂಬ ವಿಧಾನವಿದೆ: ಮೊದಲ ಪೋಷಕರ ಒಂದು ತುಂಡನ್ನು, ಉದಾಹರಣೆಗೆ ನಡುವಿನ 3 4 ಅನ್ನು, ಅದರ ಜಾಗದಲ್ಲೇ ಉಳಿಸಿಕೊಂಡು, ಮಿಕ್ಕ ಜಾಗಗಳನ್ನು ಎರಡನೆಯ ಪೋಷಕರ ಕ್ರಮದಲ್ಲಿ ತುಂಬುವುದು. ಆಗ 6 2 3 4 1 5 ಸಿಗುತ್ತದೆ, ಯಾವುದೂ ಕಾಣೆಯಾಗುವುದಿಲ್ಲ.

ಹೆಚ್ಚಿನವರು ಇಲ್ಲಿಗೆ ನಿಲ್ಲಿಸಿ, ಎರಡು ಸರಣಿಗಳಿಗೂ ಪ್ರತ್ಯೇಕವಾಗಿ ಇದನ್ನೇ ಮಾಡುತ್ತಾರೆ. ಸಿಂಧುವಾದ ಮಗು ಹುಟ್ಟುತ್ತದೆ ನಿಜ, ಆದರೆ ಅದು ಪೋಷಕರನ್ನು ಅಷ್ಟಾಗಿ ಹೋಲುವುದಿಲ್ಲ. ಕಾರಣ ಇಷ್ಟೆ: ಎರಡು ಬ್ಲಾಕ್‌ಗಳ ನಡುವಿನ ಎಡ-ಬಲ, ಮೇಲೆ-ಕೆಳಗಿನ ಸಂಬಂಧ ಎರಡು ಸರಣಿಗಳನ್ನೂ ಒಟ್ಟಿಗೆ ಓದಿದಾಗ ಮಾತ್ರ ಸಿಗುತ್ತದೆ. ಮೊದಲ ಸರಣಿಯಲ್ಲಿ ಕೆಲವು ಬ್ಲಾಕ್‌ಗಳನ್ನು, ಎರಡನೆಯದರಲ್ಲಿ ಬೇರೆಯೇ ಬ್ಲಾಕ್‌ಗಳನ್ನು ಉಳಿಸಿಕೊಂಡರೆ ಎಡಕ್ಕಿದ್ದದ್ದು ಮೇಲೇರಿರುತ್ತದೆ, ಮೇಲಿದ್ದದ್ದು ಬಲಕ್ಕೆ ಸರಿದಿರುತ್ತದೆ. ಹೆಸರಿಗೆ ಕ್ರಾಸ್‌ಓವರ್ ಆದರೂ ಅದು ನಿಜವಾಗಿ ಒಂದು ದೊಡ್ಡ ಮ್ಯುಟೇಶನ್.

ಆದ್ದರಿಂದ ತುಂಡುಗಳನ್ನು ಆರಿಸಬೇಡಿ, ಬ್ಲಾಕ್‌ಗಳನ್ನು ಆರಿಸಿ. ಬ್ಲಾಕ್‌ಗಳ ಒಂದು ಗುಂಪನ್ನು ಮೊದಲೇ ಗೊತ್ತುಮಾಡಿಕೊಂಡು, ಆ ಗುಂಪಿನವು ಎರಡೂ ಸರಣಿಗಳಲ್ಲಿ ಮೊದಲ ಪೋಷಕರಲ್ಲಿದ್ದ ಜಾಗದಲ್ಲೇ ಇರಲಿ. ಉಳಿದವು ಎರಡೂ ಸರಣಿಗಳಲ್ಲಿ ಎರಡನೆಯ ಪೋಷಕರ ಕ್ರಮದಲ್ಲಿ ಖಾಲಿ ಜಾಗಗಳನ್ನು ತುಂಬಲಿ. ಆಗ ಗುಂಪಿನ ಒಳಗಿನ ಪ್ರತಿಯೊಂದು ಜೋಡಿಯ ಸಂಬಂಧ ಮೊದಲ ಪೋಷಕರದ್ದೇ ಆಗಿರುತ್ತದೆ, ಗುಂಪಿನ ಹೊರಗಿನ ಜೋಡಿಗಳದ್ದು ಎರಡನೆಯ ಪೋಷಕರದ್ದೇ ಆಗಿರುತ್ತದೆ. ಹೊಸತು ಹುಟ್ಟುವುದು ಗುಂಪಿನವಕ್ಕೂ ಹೊರಗಿನವಕ್ಕೂ ನಡುವೆ ಮಾತ್ರ. ಒಂದು ಹೆಜ್ಜೆ ಮುಂದೆ ಹೋಗಿ, ಆ ಗುಂಪನ್ನು ಚೀಟಿ ಎತ್ತಿ ಆರಿಸುವ ಬದಲು ಮೊದಲ ಪೋಷಕರ ಲೇಔಟ್‌ನಲ್ಲಿ ಅಕ್ಕಪಕ್ಕದಲ್ಲಿರುವ ಬ್ಲಾಕ್‌ಗಳಿಂದಲೇ ಮಾಡಿದರೆ, ಒತ್ತಾಗಿ ಜೋಡಣೆಗೊಂಡ ಒಂದು ಮೂಲೆ ಇಡಿಯಾಗಿ ಮಗುವಿಗೆ ಬರುತ್ತದೆ. ಆನುವಂಶಿಕತೆ ಎಂಬ ಮಾತಿಗೆ ಲೇಔಟ್‌ನಲ್ಲಿ ಏನಾದರೂ ಅರ್ಥವಿದ್ದರೆ ಅದು ಇದೇ ಎಂದು ನಾನು ನಂಬುತ್ತೇನೆ. ತಿರುವಿನ ಬಿಟ್‌ಗಳು ಆಯಾ ಬ್ಲಾಕ್‌ನೊಂದಿಗೇ, ಅದು ಯಾವ ಪೋಷಕರಿಂದ ಬಂತೋ ಅಲ್ಲಿಂದಲೇ ಬರಲಿ.

8. ಮ್ಯುಟೇಶನ್

ಮೂರು ಬಗೆಯ ಬದಲಾವಣೆಗಳು ಸಾಕು. ಎರಡು ಬ್ಲಾಕ್‌ಗಳನ್ನು ಒಂದೇ ಸರಣಿಯಲ್ಲಿ ಅದಲು ಬದಲು ಮಾಡಿದರೆ ಜೋಡಣೆಯ ಸ್ವರೂಪವೇ ಬದಲಾಗುತ್ತದೆ. ನಾಲ್ಕನೆಯ ಹಂತದ ಲೆಕ್ಕದಲ್ಲಿ ಕಂಡದ್ದು ಇದನ್ನೇ. ಎರಡೂ ಸರಣಿಗಳಲ್ಲಿ ಅದಲು ಬದಲು ಮಾಡಿದರೆ ಆ ಎರಡು ಬ್ಲಾಕ್‌ಗಳು ಪರಸ್ಪರರ ಜಾಗಕ್ಕೆ ಹೋಗುತ್ತವೆ. ಮೂರನೆಯದು ಒಂದು ಬ್ಲಾಕ್‌ನ ತಿರುವು. ಪ್ರತಿ ಮಗುವಿಗೂ ಸರಾಸರಿ ಒಂದು ಬದಲಾವಣೆ ಎಂಬ ದರದಿಂದ ಆರಂಭಿಸಿ, ಫಲಿತಾಂಶ ನೋಡಿ ಹೆಚ್ಚು ಕಡಿಮೆ ಮಾಡಿ.

9. ಸಮೂಹ ಏಕರೂಪವಾಗದಂತೆ ನೋಡಿಕೊಳ್ಳಿ

ಐವತ್ತೋ ಅರವತ್ತೋ ತಲೆಮಾರುಗಳಲ್ಲಿ ವೆಚ್ಚದ ಗ್ರಾಫ್ ಚಪ್ಪಟೆಯಾಗಿ ನಿಂತಿತು ಎಂದು ಬರೆಯುವವರಿಗೆ ನನ್ನ ಮೊದಲ ಮರುಪ್ರಶ್ನೆ: ನಿಮ್ಮ ಸಮೂಹದಲ್ಲಿ ಒಂದಕ್ಕೊಂದು ಭಿನ್ನವಾದ ಸದಸ್ಯರು ಎಷ್ಟಿದ್ದಾರೆ? ಹಲವು ಬಾರಿ ನೂರರಲ್ಲಿ ಎಂಬತ್ತು ಒಂದೇ ಲೇಔಟ್‌ನ ಪ್ರತಿಗಳಾಗಿರುತ್ತವೆ. ಪೋಷಕರಿಬ್ಬರೂ ಒಂದೇ ಆಗಿದ್ದರೆ ಕ್ರಾಸ್‌ಓವರ್‌ನಿಂದ ಹುಟ್ಟುವ ಮಗುವೂ ಅದೇ. ಈಗಾಗಲೇ ಇರುವ ಸದಸ್ಯನ ಪ್ರತಿಯಾಗಿರುವ ಮಗುವನ್ನು ಸಮೂಹಕ್ಕೆ ಸೇರಿಸಬೇಡಿ, ಬದಲಿಗೆ ಅದಕ್ಕೆ ಇನ್ನೊಂದು ಮ್ಯುಟೇಶನ್ ಮಾಡಿ. ಎರಡು ಭಿನ್ನ ಸರಣಿ ಜೋಡಿಗಳು ಒಂದೇ ಲೇಔಟ್ ಅನ್ನು ಕೊಡಬಹುದಾದ್ದರಿಂದ ಸರಣಿಗಳನ್ನು ಹೋಲಿಸದೆ ಸ್ಥಾನಗಳನ್ನು ಹೋಲಿಸಿ. ಪ್ರತಿ ತಲೆಮಾರಿನಲ್ಲೂ ಭಿನ್ನ ಸದಸ್ಯರ ಸಂಖ್ಯೆಯನ್ನು ವೆಚ್ಚದ ಜೊತೆಗೇ ಬರೆದಿಡಿ.

10. ನ್ಯಾಯವಾಗಿ ಹೋಲಿಸಿ

ಒಂದು ಬಾರಿ ಓಡಿಸಿ ಬಂದ ಉತ್ತರವನ್ನು ಫಲಿತಾಂಶವೆಂದು ಕರೆಯಬೇಡಿ. ಯಾದೃಚ್ಛಿಕ ಸಂಖ್ಯೆಗಳ ಆರಂಭದ ಬೆಲೆಗೆ ಸೀಡ್ ಎನ್ನುತ್ತಾರೆ. ಕನಿಷ್ಠ ಇಪ್ಪತ್ತು ಬೇರೆ ಬೇರೆ ಸೀಡ್‌ಗಳಿಂದ ಓಡಿಸಿ, ಅತ್ಯುತ್ತಮ, ಮಧ್ಯದ ಮತ್ತು ಅತಿ ಕೆಟ್ಟ ಬೆಲೆಗಳನ್ನು ಮೂರನ್ನೂ ವರದಿ ಮಾಡಿ.

ಅನಂತರ ಅದೇ ಸರಣಿ ಜೋಡಿ, ಅದೇ ವೆಚ್ಚದ ಸೂತ್ರ, ಅಷ್ಟೇ ಸಂಖ್ಯೆಯ ಮೌಲ್ಯಮಾಪನಗಳನ್ನು ಕೊಟ್ಟು ಇನ್ನೆರಡು ವಿಧಾನಗಳನ್ನು ಓಡಿಸಿ. 100 ಸದಸ್ಯರ ಸಮೂಹವನ್ನು 500 ತಲೆಮಾರು ಓಡಿಸಿದ್ದರೆ ಅವಕ್ಕೂ 50,000 ಮೌಲ್ಯಮಾಪನಗಳನ್ನು ಕೊಡಬೇಕು. ಒಂದು, ಬರೀ ಯಾದೃಚ್ಛಿಕ ಹುಡುಕಾಟ. ಇನ್ನೊಂದು, ಸಿಮ್ಯುಲೇಟೆಡ್ ಅನೀಲಿಂಗ್, ಅಂದರೆ ಕಾದ ಲೋಹ ನಿಧಾನವಾಗಿ ತಣಿಯುವುದನ್ನು ಅನುಕರಿಸುವ ವಿಧಾನ. ಐಬಿಎಂನ ಕರ್ಕ್‌ಪ್ಯಾಟ್ರಿಕ್, ಜೆಲಾಟ್ ಮತ್ತು ವೆಕ್ಕಿ ಅವರು 1983ರಲ್ಲಿ ಅದನ್ನು ಪ್ರಕಟಿಸಿದಾಗಲೇ ಚಿಪ್ ವಿನ್ಯಾಸದ ಸಮಸ್ಯೆಗಳನ್ನು ಉದಾಹರಣೆಯಾಗಿ ಕೊಟ್ಟಿದ್ದರು. ಅದು ಭೌತಶಾಸ್ತ್ರದಿಂದ ಬಂದದ್ದೇ ಹೊರತು ಜೀವಶಾಸ್ತ್ರದಿಂದಲ್ಲ, ಆದರೆ ಫ್ಲೋರ್‌ಪ್ಲಾನ್‌ನಲ್ಲಿ ಅದು ಬಲಿಷ್ಠ ಪ್ರತಿಸ್ಪರ್ಧಿ. ಸರಣಿ ಜೋಡಿಯನ್ನು ಕಂಡುಹಿಡಿದವರು ಬಳಸಿದ್ದೂ ಅದನ್ನೇ. ನಿಮ್ಮ ಜೆನೆಟಿಕ್ ಅಲ್ಗಾರಿದಮ್ ಅದರ ಎದುರು ಸೋತರೆ ಅದನ್ನು ಮರೆಮಾಚಬೇಡಿ. ಏಳನೆಯ ಹಂತಕ್ಕೆ ಹಿಂದಿರುಗಿ, ಕ್ರಾಸ್‌ಓವರ್ ಅನ್ನು ಪೂರ್ತಿಯಾಗಿ ತೆಗೆದುಹಾಕಿ ಓಡಿಸಿ ನೋಡಿ. ಅದಿಲ್ಲದೆಯೂ ಫಲಿತಾಂಶ ಅಷ್ಟೇ ಇದ್ದರೆ ಸಮೂಹವನ್ನು ಸಾಕಿದ ನಿಮ್ಮ ಶ್ರಮಕ್ಕೆ ಪ್ರತಿಫಲ ಸಿಗುತ್ತಿಲ್ಲ ಎಂದರ್ಥ.

ಪ್ರತಿ ಮಗುವನ್ನೂ ಸಮೂಹಕ್ಕೆ ಸೇರಿಸುವ ಮೊದಲು ಸ್ವಲ್ಪ ಹೊತ್ತು ಅನೀಲಿಂಗ್‌ನಿಂದ ಪಳಗಿಸುವ ಮಿಶ್ರ ವಿಧಾನವೂ ಇದೆ, ಅದನ್ನು ಮೀಮೆಟಿಕ್ ಅಲ್ಗಾರಿದಮ್ ಎನ್ನುತ್ತಾರೆ. ಮೂಲ ಪ್ರೋಗ್ರಾಂ ಗಟ್ಟಿಯಾದ ಮೇಲೆ ಅದನ್ನು ಪ್ರಯತ್ನಿಸಿ.

ಜಾಗಕ್ಕೂ ತಂತಿಗೂ ತೂಕ ಹೇಗೆ ಹಂಚುವುದೆಂದು ತೀರ್ಮಾನಿಸಲಾಗದಿದ್ದರೆ, ಐಐಟಿ ಕಾನ್ಪುರದಲ್ಲಿ ಕಲ್ಯಾಣ್ಮಯ್ ದೇಬ್ ಮತ್ತು ಅವರ ಸಂಗಡಿಗರು ರೂಪಿಸಿ 2002ರಲ್ಲಿ ಪ್ರಕಟಿಸಿದ ಎನ್‌ಎಸ್‌ಜಿಎ-2 ವಿಧಾನವನ್ನು ನೋಡಿ. ಅದು ಎರಡು ಗುರಿಗಳನ್ನು ಕೂಡಿಸದೆ, ಒಂದನ್ನು ಬಿಟ್ಟುಕೊಡದೆ ಇನ್ನೊಂದನ್ನು ಸುಧಾರಿಸಲಾಗದಂಥ ಲೇಔಟ್‌ಗಳ ಸಾಲನ್ನೇ ನಿಮ್ಮ ಮುಂದಿಡುತ್ತದೆ. ಅನಲಾಗ್ ಸರ್ಕ್ಯೂಟ್‌ಗಳ ಟ್ರಾನ್ಸಿಸ್ಟರ್ ಅಳತೆಗಳನ್ನು ಎನ್‌ಜಿಸ್ಪೈಸ್‌ನಂಥ ಸಿಮ್ಯುಲೇಟರ್‌ನೊಂದಿಗೆ ಹುಡುಕುವವರಿಗೂ ಇದು ಒಗ್ಗುತ್ತದೆ. ಆದರೆ ಅಲ್ಲಿ ಥಾಂಪ್ಸನ್ ಅವರ ಪ್ರಯೋಗವನ್ನು ನೆನಪಿಟ್ಟುಕೊಂಡು, ಪ್ರತಿ ಅಭ್ಯರ್ಥಿಯನ್ನೂ ಬೇರೆ ಬೇರೆ ತಾಪಮಾನ, ವೋಲ್ಟೇಜ್ ಮತ್ತು ತಯಾರಿಕೆಯ ಏರುಪೇರುಗಳಲ್ಲಿ ಅಳೆಯಬೇಕು.

11. ನಿಜವಾದ ಲೇಔಟ್‌ಗೆ ಒಯ್ಯುವುದು

ಬೆಂಚ್‌ಮಾರ್ಕ್‌ನಲ್ಲಿ ಬ್ಲಾಕ್‌ಗಳನ್ನು ಅಂಟಿಸಿದಂತೆ ಇಡಬಹುದು, ಚಿಪ್‌ನಲ್ಲಿ ಹಾಗಾಗದು. ತಂತಿಗಳೂ ವಿದ್ಯುತ್ ಪಟ್ಟಿಗಳೂ ಹಾಯಲು ಬ್ಲಾಕ್‌ಗಳ ನಡುವೆ ಓಣಿ ಬೇಕು. ಎರಡು ಬ್ಲಾಕ್‌ಗಳ ನಡುವೆ 10 ಮೈಕ್ರೊಮೀಟರ್ ಬೇಕಾದರೆ, ಸ್ಥಾನ ಲೆಕ್ಕ ಹಾಕುವ ಮೊದಲೇ ಪ್ರತಿ ಬ್ಲಾಕ್‌ನ ನಾಲ್ಕೂ ಬದಿಗೆ 5 ಮೈಕ್ರೊಮೀಟರ್ ಸೇರಿಸಿ ಉಬ್ಬಿಸಿ, ಲೆಕ್ಕ ಮುಗಿದ ಮೇಲೆ ಅಷ್ಟನ್ನು ಒಳಕ್ಕೆ ಸರಿಸಿ. ಹೀಗೆ ಮಾಡಿದರೆ ಸರಣಿ ಜೋಡಿಯ ನಿಯಮಗಳನ್ನು ಮುಟ್ಟಬೇಕಾದ ಅಗತ್ಯವೇ ಬರುವುದಿಲ್ಲ. ಸಿಕ್ಕ ಸ್ಥಾನಗಳನ್ನು ತಯಾರಿಕೆಯ ಗ್ರಿಡ್‌ಗೆ ಹೊಂದಿಸಿ, ಓಪನ್‌ರೋಡ್‌ನಂಥ ಮುಕ್ತ ಸಾಧನಕ್ಕೆ ಮ್ಯಾಕ್ರೊಗಳ ಸ್ಥಾನವಾಗಿ ಕೊಟ್ಟು, ಸ್ಟ್ಯಾಂಡರ್ಡ್ ಸೆಲ್‌ಗಳ ಪ್ಲೇಸ್‌ಮೆಂಟ್ ಅನ್ನೂ ರೌಟಿಂಗ್ ಅನ್ನೂ, ಅಂದರೆ ತಂತಿಗಳ ದಾರಿ ಎಳೆಯುವುದನ್ನೂ, ಅದಕ್ಕೇ ಬಿಡಿ.

ರೌಟಿಂಗ್ ಆದ ಮೇಲೆ ತಂತಿಗಳು ಯಾವ ಓಣಿಯಲ್ಲಿ ಕಿಕ್ಕಿರಿದಿವೆ ಎಂಬ ನಕ್ಷೆಯನ್ನು ತೆರೆದು ನೋಡಿ. ಅರ್ಧ ಸುತ್ತಳತೆಯ ಅಳತೆ ಒಟ್ಟು ಉದ್ದವನ್ನು ಹೇಳುತ್ತದೆಯೇ ಹೊರತು ದಟ್ಟಣೆಯನ್ನು ಹೇಳುವುದಿಲ್ಲವಾದ್ದರಿಂದ, ಮೊದಲ ಪ್ರಯತ್ನದಲ್ಲಿ ಒಂದೆರಡು ಓಣಿಗಳಾದರೂ ತುಂಬಿ ತುಳುಕುತ್ತಿರುವ ಸಂಭವ ಹೆಚ್ಚು. ಆ ಓಣಿಯ ಅಕ್ಕಪಕ್ಕದ ಬ್ಲಾಕ್‌ಗಳ ಉಬ್ಬನ್ನು ಮಾತ್ರ ಹೆಚ್ಚಿಸಿ, ಉಳಿಸಿಟ್ಟುಕೊಂಡ ಕೊನೆಯ ಸಮೂಹದಿಂದಲೇ ಮತ್ತೆ ಓಡಿಸಿ. ಇಡೀ ಹುಡುಕಾಟವನ್ನು ಮೊದಲಿನಿಂದ ಆರಂಭಿಸಬೇಕಾಗಿಲ್ಲ, ಏಕೆಂದರೆ ಆ ಸಮೂಹದ ಪ್ರತಿಯೊಂದು ಸರಣಿ ಜೋಡಿಯೂ ಹೊಸ ಅಳತೆಗಳಿಗೂ ಸಿಂಧುವಾಗಿಯೇ ಇರುತ್ತದೆ.